ಜಲ್ಲಿ ರಸ್ತೆಯಲ್ಲಿ ಮಾತ್ರ ಹಿಮಾಲಯನ್ ಬೈಕ್ ಕ್ಷಣಕಾಲ ಆಫ್ ಆಗುತ್ತದೆ, ಟಾರ್ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ

ತೋಟದ ಹಾದಿ:
ಎಲ್ಲರಿಗೂ ನಮಸ್ಕಾರ. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ಬಿಎಸ್6, 2021ರದ್ದು. 38 ಸಾವಿರ ಕಿ.ಮೀ. ಓಡಿದೆ. ನಾನಿರುವುದು ಮೂಡಿಗೆರೆ ಹತ್ತಿರ. ಮನೆಯಿಂದ ಟಾರ್ ರಸ್ತೆ ಸೇರಬೇಕಾದರೆ ಸುಮಾರು 4 ಕಿ.ಮೀ. ತೋಟದ ದಾರಿ, ಅರ್ಧ ಜಲ್ಲಿ, ಅರ್ಧ ಮಣ್ಣು.

ಮೂರು ವಾರದಿಂದ ಒಂದು ತಲೆನೋವು. ಈ ದಾರಿಯಲ್ಲಿ ಎರಡನೇ ಗೇರಿನಲ್ಲಿ, ನಿಂತುಕೊಂಡು ಓಡಿಸುವಾಗ, ಎಂಜಿನ್ ಒಮ್ಮೆಲೇ ಸತ್ತ ಹಾಗೆ ಆಗುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ. ಮತ್ತೆ ತಾನೇ ಎಳೆಯುತ್ತದೆ. ಆದರೆ ಏರಿನಲ್ಲಿ ಹಾಗಾದರೆ ಗಾಡಿ ನಿಂತೇ ಹೋಗುತ್ತದೆ. ಎರಡು ಸಲ ಬಿದ್ದಿದ್ದೇನೆ. ಟಾರ್ ರಸ್ತೆಗೆ ಬಂದರೆ ಕೊಟ್ಟಿಗೆಹಾರದ ತನಕ ಹೋಗಿ ಬಂದರೂ ಒಂದು ಸಲವೂ ಆಗುವುದಿಲ್ಲ.

ಇಲ್ಲಿಯವರೆಗೆ ಮಾಡಿದ್ದು: ಹೊಸ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನ್. ಟ್ಯಾಂಕ್ ಖಾಲಿ ಮಾಡಿ ಬೇರೆ ಬಂಕಿನ ಪೆಟ್ರೋಲ್ ಹಾಕಿಸಿದೆ. ಕಡೆಗೆ ಒಂದು ವರ್ಕ್‌ಶಾಪಿನಲ್ಲಿ ಫ್ಯೂಯಲ್ ಪಂಪ್ ಬದಲಿಸಬೇಕು ಅಂದರು. ದುಡ್ಡು ಕೊಡುವ ಮೊದಲು ಇಲ್ಲಿ ಕೇಳೋಣ ಅಂತ ಬಂದೆ.

ಘಾಟಿ ಸವಾರ:
ಪಂಪ್ ಅಂದರೆ ಪಂಪೇ ಇರಬೇಕು. ಮಳೆಗಾಲ ಅಲ್ವಾ, ಟ್ಯಾಂಕಿಗೆ ನೀರು ಸೇರಿರುತ್ತದೆ. ಬದಲಿಸಿ, ನೆಮ್ಮದಿಯಾಗಿರಿ.

ಗ್ರೀಸ್ ಕೈ:
ಸ್ವಲ್ಪ ತಡೆಯಿರಿ ಮಾರಾಯ್ರೇ. ಪೆಟ್ರೋಲ್ ಸಾಲದೆ ಎಂಜಿನ್ ಸಾಯುವುದಕ್ಕೂ ಕರೆಂಟ್ ತಪ್ಪಿ ಸಾಯುವುದಕ್ಕೂ ವ್ಯತ್ಯಾಸ ಇದೆ. ಪೆಟ್ರೋಲ್ ಸಾಲದಿದ್ದರೆ ಗಾಡಿ ಮೊದಲು ಮಿಸ್ಸಿಂಗ್ ಹೊಡೆಯುತ್ತದೆ, ಕೆಮ್ಮುತ್ತದೆ, ಪಿಕಪ್ ಕಡಿಮೆಯಾಗುತ್ತದೆ, ಆಮೇಲೆ ನಿಲ್ಲುತ್ತದೆ. ಅದು ಜಲ್ಲಿಯಲ್ಲಿ ಮಾತ್ರ ಆಗಿ ಟಾರಿನಲ್ಲಿ ಸುಮ್ಮನಿರುವುದಿಲ್ಲ. ಕೊಟ್ಟಿಗೆಹಾರದ ಕಡೆ ಪೂರ್ತಿ ಥ್ರಾಟಲಿನಲ್ಲಿ ಹೋದಾಗ ಪಂಪಿಗೆ ಜಾಸ್ತಿ ಕೆಲಸ. ಅಲ್ಲಿ ಸರಿ ಇದ್ದರೆ ಪಂಪಿನ ಮೇಲೆ ನನಗೆ ಅನುಮಾನ ಕಡಿಮೆ.

ನೀವು ಹೇಳುತ್ತಿರುವುದು ಕೀ ತಿರುಗಿಸಿ ಆಫ್ ಮಾಡಿ ಮತ್ತೆ ಆನ್ ಮಾಡಿದ ಹಾಗಿದೆ. ಎರಡು ಪ್ರಶ್ನೆ. ಎಂಜಿನ್ ಸತ್ತ ಕ್ಷಣ ಮೀಟರ್ ಮತ್ತು ಹೆಡ್‌ಲೈಟ್ ಕೂಡ ಹೋಗುತ್ತವೆಯೇ, ಇಲ್ಲ ಉರಿಯುತ್ತಲೇ ಇರುತ್ತವೆಯೇ? ಗಾಡಿಗೆ ಹೊರಗಿನಿಂದ ಏನೇನು ಹಾಕಿಸಿದ್ದೀರಿ? ಒಂದನ್ನೂ ಬಿಡದೆ ಹೇಳಿ.

ತೋಟದ ಹಾದಿ:
ಮೀಟರ್ ಗಮನಿಸಿಲ್ಲ ಸರ್, ಆ ಹೊತ್ತಿಗೆ ಕಣ್ಣು ರಸ್ತೆಯ ಮೇಲೆ ಇರುತ್ತದೆ. ನಾಳೆ ನೋಡುತ್ತೇನೆ. ಹಾಕಿಸಿರುವುದು ಜಾಸ್ತಿ ಏನಿಲ್ಲ. 30 ಮಿ.ಮೀ. ಹ್ಯಾಂಡಲ್ ರೈಸರ್ (ಹ್ಯಾಂಡಲ್ ಎತ್ತರಿಸುವ ತುಂಡು), ಎರಡು ಫಾಗ್ ಲೈಟ್ (ರಿಲೇ ಹಾಕಿ ಬ್ಯಾಟರಿಯಿಂದಲೇ ಎಳೆದದ್ದು), ಹಿಂದೆ ಸಾಮಾನು ಕಟ್ಟಲು ರ್‍ಯಾಕ್. ಭಾರ ಹೊರುತ್ತೇನಲ್ಲ, ಅದಕ್ಕೆ ಹಿಂದಿನ ಸಸ್ಪೆನ್ಶನ್ ಪ್ರೀಲೋಡ್ (ಸ್ಪ್ರಿಂಗಿನ ಬಿಗಿತ) ಪೂರ್ತಿ ಬಿಗಿ ಮಾಡಿಸಿದ್ದೇನೆ.

ಜಲ್ಲಿರೋಡು:
ರೈಸರ್ ಹಾಕಿದ ಮೇಲೆ ವೈರಿಂಗ್ ಎಳೆದುಕೊಳ್ಳುವುದು ಉಂಟು. ಹ್ಯಾಂಡಲ್ 30 ಮಿ.ಮೀ. ಮೇಲೆ ಬಂದರೆ ಕಿಲ್ ಸ್ವಿಚ್ಚಿನ (ಹ್ಯಾಂಡಲಿನಲ್ಲಿ ಎಂಜಿನ್ ಆಫ್ ಮಾಡುವ ಸ್ವಿಚ್) ವೈರೂ ಅಷ್ಟೇ ಮೇಲೆ ಬರಬೇಕು. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ನಿಂತರೆ ಅಥವಾ ತಾನಾಗಿ ರೇಸ್ ಆದರೆ ತೊಂದರೆ ಅಲ್ಲೇ. ಹಾಗೆಯೇ ಫಾಗ್ ಲೈಟಿನ ವೈರ್ ಸೇರಿಸಿರುವ ಬ್ಯಾಟರಿ ಟರ್ಮಿನಲ್ ಅಲುಗಾಡಿಸಿ ನೋಡಿ. ಒಂದೇ ಬೋಲ್ಟಿಗೆ ಮೂರು ನಾಲ್ಕು ವಾಷರ್ ಸಿಕ್ಕಿಸಿದ್ದರೆ ಸಡಿಲ ಆಗುತ್ತದೆ.

ತೋಟದ ಹಾದಿ:
ಸಿಕ್ಕಿತು! ಹ್ಯಾಂಡಲ್ ತಿರುಗಿಸಿದರೆ ಏನೂ ಆಗಲಿಲ್ಲ. ಆದರೆ ಬ್ಯಾಟರಿಯ ನೆಗೆಟಿವ್ ಬೋಲ್ಟ್ ಕೈಯಲ್ಲೇ ಕಾಲು ಸುತ್ತು ತಿರುಗಿತು. ತಿಕ್ಕಿ ಒರೆಸಿ, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದೆ. ಪೇಟೆಗೆ ಹೋಗಿ ಬಂದೆ, ಗಾಡಿ ಬೆಣ್ಣೆ. ಎಲ್ಲರಿಗೂ ಥ್ಯಾಂಕ್ಸ್.

ಗ್ರೀಸ್ ಕೈ:
ಟರ್ಮಿನಲ್ ಬಿಗಿ ಮಾಡಿದ್ದು ಒಳ್ಳೆಯದೇ. ಆದರೆ ಪೇಟೆಯ ದಾರಿಯಲ್ಲಿ ಮೊದಲೂ ತೊಂದರೆ ಇರಲಿಲ್ಲವಲ್ಲ? ತೋಟದ ದಾರಿಯಲ್ಲಿ, ನಿಂತುಕೊಂಡು, ಅದೇ ಗುಂಡಿಗಳಲ್ಲಿ ಓಡಿಸಿ ನೋಡಿದಿರಾ?

ತೋಟದ ಹಾದಿ:
ನೀವು ಕೇಳಿದ್ದು ಸರಿ ಸರ್. ಮಳೆ ಅಂತ ಆವತ್ತು ತೋಟದ ದಾರಿಯನ್ನು ಮೆಲ್ಲಗೆ, ಕೂತುಕೊಂಡೇ ದಾಟಿದ್ದೆ. ಇವತ್ತು ಬೆಳಿಗ್ಗೆ ನಿಂತು ಓಡಿಸಿದೆ. ಮೂರು ಸಲ ಆಫ್ ಆಯಿತು. ಈ ಸಲ ಹೆಂಡತಿಯನ್ನು ಮೋರಿಯ ಹತ್ತಿರ ನಿಲ್ಲಿಸಿ ಹೆಡ್‌ಲೈಟ್ ನೋಡಲು ಹೇಳಿದ್ದೆ. ಲೈಟ್ ಹೋಗಲೇ ಇಲ್ಲ ಅಂದಳು. ಮೀಟರೂ ಹೋಗಲಿಲ್ಲ. ಎಂಜಿನ್ ಮಾತ್ರ.

ಗ್ರೀಸ್ ಕೈ:
ನಿಮ್ಮ ಮನೆಯವರು ಅರ್ಧ ಕೆಲಸ ಮುಗಿಸಿಕೊಟ್ಟರು. ಲೈಟ್ ಹೋಗದಿದ್ದರೆ ಬ್ಯಾಟರಿ, ಮೇನ್ ಫ್ಯೂಸ್, ಕೀ ಸ್ವಿಚ್ಚಿನ ಮೇಲೆ ಅನುಮಾನ ಕಡಿಮೆ. ಎಂಜಿನ್ನಿಗೆ ಮಾತ್ರ 'ನಿಲ್ಲು' ಎಂದು ಹೇಳುವವರು ಕೆಲವರೇ: ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಗಾಡಿ ಮಗುಚಿದರೆ ಆಫ್ ಮಾಡುವ ಸೆನ್ಸರ್. ಆ ಸೆನ್ಸರ್ ಕೆಲಸ ಮಾಡಿದರೆ ಸಾಮಾನ್ಯವಾಗಿ ಕೀ ಆಫ್ ಮಾಡಿ ಆನ್ ಮಾಡುವ ತನಕ ಗಾಡಿ ಏಳುವುದಿಲ್ಲ. ನಿಮ್ಮದು ತಾನೇ ಏಳುತ್ತಿದೆ. ಕಿಲ್ ಸ್ವಿಚ್ಚನ್ನು ಎಂಜಿನ್ ಓಡುವಾಗ ಬೆರಳಿನಿಂದ ಅಲುಗಾಡಿಸಿ, ತಟ್ಟಿ ನೋಡಿ.

ಉಳಿದದ್ದು ಸೈಡ್ ಸ್ಟ್ಯಾಂಡ್. ಗಾಡಿ ಗೇರಿನಲ್ಲಿದ್ದು ಸ್ಟ್ಯಾಂಡ್ ಕೆಳಗಿಳಿದರೆ ಎಂಜಿನ್ ಆಫ್ ಆಗಬೇಕು, ಅದೇ ಆ ಸ್ವಿಚ್ಚಿನ ಕೆಲಸ. ಪೂರ್ತಿ ಇಳಿಯಬೇಕೆಂದೇನೂ ಇಲ್ಲ, ಸ್ವಲ್ಪ ಜಾರಿದರೂ ಸಾಕು. ನಿಮ್ಮ ಸ್ಟ್ಯಾಂಡಿಗೆ ಏನಾದರೂ ಮಾಡಿಸಿದ್ದೀರಾ?

ತೋಟದ ಹಾದಿ:
ಕಿಲ್ ಸ್ವಿಚ್ ತಟ್ಟಿ ಕುಟ್ಟಿ ನೋಡಿದೆ, ಏನೂ ಇಲ್ಲ. ಸ್ಟ್ಯಾಂಡಿಗೆ... ಹೌದು. ಪ್ರೀಲೋಡ್ ಬಿಗಿ ಮಾಡಿಸಿದ ಮೇಲೆ ಗಾಡಿಯ ಹಿಂಭಾಗ ಎತ್ತರವಾಯಿತು. ಸೈಡ್ ಸ್ಟ್ಯಾಂಡಿನಲ್ಲಿ ಜಾಸ್ತಿ ವಾಲತೊಡಗಿತು. ಮೇಲಿಂದ ಕೆಸರಿನಲ್ಲಿ ಸ್ಟ್ಯಾಂಡ್ ಹೂತು ಗಾಡಿ ಮಲಗುತ್ತಿತ್ತು. ಅದಕ್ಕೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಸ್ಟ್ಯಾಂಡಿನ ಪಾದಕ್ಕೆ ಒಂದು ಕಬ್ಬಿಣದ ಪ್ಲೇಟ್ ಹೊಡೆಸಿದೆ. 10 ಸೆಂ.ಮೀ. ಉದ್ದ, 8 ಅಗಲ, 6 ಮಿ.ಮೀ. ದಪ್ಪ. ಅದೂ ಮಾಡಿಫಿಕೇಶನ್ ಲೆಕ್ಕವಾ? ಸುಮಾರು ಒಂದು ತಿಂಗಳಾಯಿತು.

ಗ್ರೀಸ್ ಕೈ:
ಅದೇ ಲೆಕ್ಕ! ತೊಂದರೆ ಶುರುವಾಗಿದ್ದು ಮೂರು ವಾರದಿಂದ, ಪ್ಲೇಟ್ ಬಂದದ್ದು ಒಂದು ತಿಂಗಳ ಹಿಂದೆ.

ತೂಕ ನೋಡೋಣ. 10 ಗುಣಿಸು 8 ಗುಣಿಸು 0.6 ಅಂದರೆ 48 ಘನ ಸೆಂ.ಮೀ. ಕಬ್ಬಿಣ ಒಂದು ಘನ ಸೆಂ.ಮೀ.ಗೆ 7.85 ಗ್ರಾಂ. ಸುಮಾರು 375 ಗ್ರಾಂ ಆಯಿತು. ಅದೂ ಸ್ಟ್ಯಾಂಡಿನ ಕಟ್ಟಕಡೆಯ ತುದಿಯಲ್ಲಿ, ಪಿವಟ್ಟಿನಿಂದ (ಸ್ಟ್ಯಾಂಡ್ ತಿರುಗುವ ಜಾಗ) ದೂರದಲ್ಲಿ. ಸ್ಟ್ಯಾಂಡನ್ನು ಮೇಲೆ ಹಿಡಿದಿಟ್ಟಿರುವುದು ಒಂದು ಸ್ಪ್ರಿಂಗ್ ಮಾತ್ರ. ಗುಂಡಿಯಿಂದ ಗಾಡಿ ಚಿಮ್ಮಿ ಮೇಲೆ ಬರುವಾಗ ಈ ಭಾರ ಅಷ್ಟೇ ವೇಗದಲ್ಲಿ ಮೇಲೆ ಬರುವುದಿಲ್ಲ, ಒಂದು ಕ್ಷಣ ಹಿಂದೆ ಉಳಿಯುತ್ತದೆ. ಅಷ್ಟರಲ್ಲಿ ಸ್ವಿಚ್ 'ಸ್ಟ್ಯಾಂಡ್ ಇಳಿದಿದೆ' ಅಂದುಕೊಳ್ಳುತ್ತದೆ. ಪ್ಲೇಟಿನ ಮೇಲೆ ಕೆಸರು ಮೆತ್ತಿಕೊಂಡರೆ ಇನ್ನೂ ಭಾರ. ನಿಂತು ಓಡಿಸುವಾಗ ನೀವು ವೇಗವಾಗಿ ಹೋಗುತ್ತೀರಿ, ಅದಕ್ಕೇ ಆಗ ಜಾಸ್ತಿ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ. ಹಿಂದಿನ ಚಕ್ರ ನೆಲಕ್ಕೆ ತಾಗಬಾರದು, ಹತ್ತಿರ ಮಕ್ಕಳು ಇರಬಾರದು. ಸೈಡ್ ಸ್ಟ್ಯಾಂಡ್ ಮೇಲಿರಲಿ. ಸ್ಟಾರ್ಟ್ ಮಾಡಿ ಒಂದನೇ ಗೇರ್ ಹಾಕಿ ಕ್ಲಚ್ ಬಿಡಿ, ಚಕ್ರ ಸುಮ್ಮನೆ ತಿರುಗುತ್ತಿರುತ್ತದೆ. ಈಗ ಮುಂದೆ ನಿಂತು ಒಂದು ಕೋಲಿನಿಂದ ಸೈಡ್ ಸ್ಟ್ಯಾಂಡನ್ನು ಮೆಲ್ಲಗೆ ಕೆಳಕ್ಕೆ ಒತ್ತಿ. ಎಷ್ಟು ಇಳಿದಾಗ ಎಂಜಿನ್ ನಿಲ್ಲುತ್ತದೆ ನೋಡಿ. ಹಿಂದಿನ ಚಕ್ರದ ಹತ್ತಿರ ಕೈ ತರಬೇಡಿ.

ಆಮೇಲೆ ಹಳೇ ಟ್ಯೂಬಿನ ತುಂಡಿನಿಂದ ಸ್ಟ್ಯಾಂಡನ್ನು ಮೇಲೆ ಬಿಗಿಯಾಗಿ ಕಟ್ಟಿ ಅದೇ ದಾರಿಯಲ್ಲಿ ಓಡಿಸಿ. ಆಫ್ ಆಗದಿದ್ದರೆ ಕಳ್ಳ ಸಿಕ್ಕ.

ಘಾಟಿ ಸವಾರ:
ಇಷ್ಟೆಲ್ಲ ಯಾಕೆ ಗುರು? ಸ್ವಿಚ್ಚಿನ ಎರಡು ವೈರ್ ಕತ್ತರಿಸಿ ಜೋಡಿಸಿಬಿಡಿ. ನಮ್ಮ ಕಡೆ ಎಷ್ಟೋ ಜನ ಹಾಗೇ ಓಡಿಸುತ್ತಾರೆ.

ಜಲ್ಲಿರೋಡು:
ನಾನೂ ಒಂದು ಕಾಲದಲ್ಲಿ ಬೇರೆ ಗಾಡಿಯಲ್ಲಿ ಹಾಗೇ ಮಾಡಿದ್ದೆ. ಒಂದು ದಿನ ಸ್ಟ್ಯಾಂಡ್ ತೆಗೆಯುವುದು ಮರೆತು ಹೊರಟೆ. ಮೊದಲ ಎಡ ತಿರುವಿನಲ್ಲಿ ಸ್ಟ್ಯಾಂಡ್ ನೆಲಕ್ಕೆ ಬಡಿದು ಗಾಡಿ ನನ್ನನ್ನು ಎತ್ತಿ ಒಗೆಯಿತು. ಭುಜದ ಮೂಳೆ ಕೂಡಲು ಎರಡು ತಿಂಗಳು. ಇವರ ಸ್ಟ್ಯಾಂಡಿನಲ್ಲಂತೂ ಕಬ್ಬಿಣದ ಪ್ಲೇಟ್ ಬೇರೆ ಇದೆ, ನೇಗಿಲ ಹಾಗೆ ಊರಿಕೊಳ್ಳುತ್ತದೆ. ದಯವಿಟ್ಟು ಆ ಸಲಹೆ ಕೊಡಬೇಡಿ. ಇನ್ನೊಂದು ವಿಷಯ, ಕೆಲವು ಗಾಡಿಗಳಲ್ಲಿ ಈ ಸ್ವಿಚ್ ಸುಮ್ನೆ ವೈರ್ ಸೇರಿಸುವ ಸ್ವಿಚ್ ಅಲ್ಲ, ಮ್ಯಾಗ್ನೆಟ್ ಇರುವ ಸೆನ್ಸರ್. ಕಂಡಕಂಡ ವೈರ್ ಜೋಡಿಸಿದರೆ ಫ್ಯೂಸ್ ಹೋಗಬಹುದು.

ತೋಟದ ಹಾದಿ:
ಕಳ್ಳ ಸಿಕ್ಕ ಸರ್! ಡಬಲ್ ಸ್ಟ್ಯಾಂಡಿನಲ್ಲಿ ನೋಡಿದಾಗ ಸೈಡ್ ಸ್ಟ್ಯಾಂಡಿನ ತುದಿ ಎರಡು ಬೆರಳು ಅಗಲ ಇಳಿದರೆ ಸಾಕು, ಎಂಜಿನ್ ಢಮಾರ್. ಟ್ಯೂಬ್ ಕಟ್ಟಿಕೊಂಡು ತೋಟದ ದಾರಿಯಲ್ಲಿ ನಾಲ್ಕು ಸಲ ಹೋಗಿ ಬಂದೆ, ಬೇಕಂತಲೇ ಗುಂಡಿಗೆ ಇಳಿಸಿದೆ. ಒಂದು ಸಲವೂ ಆಫ್ ಆಗಲಿಲ್ಲ.

ಆದರೆ ಒಂದು ನಾಚಿಕೆಯ ವಿಷಯ. ಖುಷಿಯಲ್ಲಿ ಮನೆ ಅಂಗಳಕ್ಕೆ ಬಂದು, ಕಾಲಿನಿಂದ ಸ್ಟ್ಯಾಂಡ್ ತಳ್ಳಿದ ಹಾಗೆ ಮಾಡಿ, ಗಾಡಿ ಒರಗಿಸಿ ಇಳಿದೆ. ಸ್ಟ್ಯಾಂಡ್ ಕಟ್ಟಿಹಾಕಿದ್ದು ನೆನಪೇ ಇರಲಿಲ್ಲ. ಗಾಡಿ ಎಡಕ್ಕೆ ಮೆಲ್ಲಗೆ ಮಲಗಿತು. ಒಣಗಲು ಹರಡಿದ್ದ ಅಡಿಕೆಯ ಮೇಲೆ. ಹೆಂಡತಿ ಇನ್ನೂ ನಗುತ್ತಿದ್ದಾಳೆ, ಅತ್ತೆ ನಗುತ್ತಿಲ್ಲ.

ಗ್ರೀಸ್ ಕೈ:
ಕಟ್ಟಿದವರೆಲ್ಲ ಒಂದು ಸಲ ಹಾಗೆ ಬೀಳಿಸಿರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಾನು ಮೊದಲೇ ಎಚ್ಚರಿಸಬೇಕಿತ್ತು. ಕಟ್ಟಿದ ಟ್ಯೂಬಿನ ಇನ್ನೊಂದು ತುಂಡನ್ನು ಎಡಗಡೆ ಗ್ರಿಪ್ಪಿಗೆ ಸುತ್ತಿಕೊಂಡರೆ ನೆನಪಿರುತ್ತದೆ.

ಈಗ ರಿಪೇರಿ. ಪ್ಲೇಟ್ ಕತ್ತರಿಸಿ ತೆಗೆಸಿ. ಗ್ರೈಂಡರ್ ಹಿಡಿಯುವಾಗ ಸ್ಟ್ಯಾಂಡನ್ನು ಗಾಡಿಯಿಂದ ಬಿಚ್ಚಿಕೊಂಡು ಹೋಗಿ, ಗಾಡಿಯಲ್ಲೇ ಮಾಡಿಸಬೇಡಿ. ಮತ್ತೆ ವೆಲ್ಡಿಂಗ್ ಮಾಡಿಸುವ ಪ್ರಸಂಗ ಬಂದರೂ ಅಷ್ಟೇ. ಗಾಡಿಯ ಮೇಲೆ ವೆಲ್ಡಿಂಗ್ ಹೊಡೆಯುವುದಾದರೆ ಬ್ಯಾಟರಿ ಬಿಚ್ಚಲೇಬೇಕು, ಇಲ್ಲದಿದ್ದರೆ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಏಟು. ಆವತ್ತು ಬಿಚ್ಚಿದ್ದರಾ? ಬೋಲ್ಟ್ ಸಡಿಲ ಇದ್ದದ್ದು ನೋಡಿದರೆ ಬಿಚ್ಚಿ, ಸರಿಯಾಗಿ ಬಿಗಿ ಮಾಡದೆ ಬಿಟ್ಟ ಹಾಗಿದೆ.

ಸ್ಟ್ಯಾಂಡ್ ಬಿಚ್ಚಿದಾಗ ಪಿವಟ್ ಬೋಲ್ಟನ್ನು ಒರೆಸಿ ಹೊಸ ಗ್ರೀಸ್ ಹಾಕಿ. ಸ್ವಿಚ್ಚಿನ ಸುತ್ತ ಕೆಸರನ್ನು ಹಳೇ ಟೂತ್‌ಬ್ರಷ್ಷಿನಿಂದ ತೆಗೆಯಿರಿ, ಪ್ರೆಶರ್ ವಾಷಿನ ನೀರು ನೇರವಾಗಿ ಹೊಡೆಯಬೇಡಿ. ಸ್ಪ್ರಿಂಗನ್ನು ಮಾತ್ರ ಹೊಸದೇ ಹಾಕಿ. ಒಂದು ತಿಂಗಳು ಆ ಭಾರ ಎಳೆದು ಸಡಿಲ ಆಗಿರುತ್ತದೆ. ಅದರ ಬೆಲೆ ನೀವು ಪಂಪಿಗೆ ಕೊಡಬೇಕಾಗಿದ್ದರ ಮುಂದೆ ಏನೂ ಅಲ್ಲ.

ತೋಟದ ಹಾದಿ:
ಬಿಚ್ಚಿದ್ದರು ಸರ್, ಬೋಲ್ಟ್ ವಾಪಸ್ ಹಾಕಿದ್ದು ನಾನೇ. ಹಾಗಾದರೆ ಕೆಸರಿನಲ್ಲಿ ನಿಲ್ಲಿಸುವುದು ಹೇಗೆ? ಪ್ಲೇಟ್ ಇಲ್ಲದಿದ್ದರೆ ಮತ್ತೆ ಮಲಗುತ್ತದೆ.

ಗ್ರೀಸ್ ಕೈ:
ಮೊದಲು ಪ್ರೀಲೋಡ್ ಇಳಿಸಿ. ದಿನಾ ಹಿಂದೆ ಭಾರ ಹೊರುವುದಿಲ್ಲ ಅಲ್ವಾ? ಒಬ್ಬರೇ ಓಡಿಸುವಾಗ ಅಷ್ಟು ಬಿಗಿ ಬೇಡ. ಹಿಂಭಾಗ ಇಳಿದರೆ ವಾಲುವುದು ತಾನೇ ಕಡಿಮೆಯಾಗುತ್ತದೆ. ಪ್ಲೇಟ್ ಬೇಕೇ ಬೇಕು ಅಂದರೆ ಅದೇ ಅಳತೆಯ ಅಲ್ಯುಮಿನಿಯಂ ಹಾಕಿಸಿ, ಸುಮಾರು 130 ಗ್ರಾಂ ಬರುತ್ತದೆ. 4 ಮಿ.ಮೀ. ಸಾಕು, ಇನ್ನೂ ಹಗುರ. ಹೊರಗೆ ಚಾಚಿ ಕಲ್ಲಿಗೆ ತಾಗದ ಹಾಗೆ ಇರಲಿ. ಹಾಕಿಸಿದ ಮೇಲೆ ಗುಂಡಿಯಲ್ಲಿ ಮತ್ತೆ ಪರೀಕ್ಷೆ ಮಾಡಿ. ನಾನಂತೂ ಪ್ಲಾಸ್ಟಿಕ್ ಡಬ್ಬಿಯ ದಪ್ಪ ಮುಚ್ಚಳಕ್ಕೆ ದಾರ ಕಟ್ಟಿಕೊಂಡು ಓಡಾಡುತ್ತೇನೆ. ನಿಲ್ಲಿಸುವಾಗ ಕೆಳಗೆ ಹಾಕುವುದು, ಹೊರಡುವಾಗ ದಾರ ಹಿಡಿದು ಎಳೆದುಕೊಳ್ಳುವುದು.

ತೋಟದ ಹಾದಿ:
ಪ್ಲೇಟ್ ತೆಗೆಸಿ, ಹೊಸ ಸ್ಪ್ರಿಂಗ್ ಹಾಕಿ, ಪ್ರೀಲೋಡ್ ಇಳಿಸಿದೆ. ಹತ್ತು ದಿನ ಆಯಿತು, ಒಳ್ಳೇ ಮಳೆಯಲ್ಲೂ ಓಡಿಸಿದೆ. ಒಮ್ಮೆಯೂ ಆಫ್ ಆಗಿಲ್ಲ. ಮುಚ್ಚಳದ ಉಪಾಯ ಚೆನ್ನಾಗಿದೆ, ಉಪ್ಪಿನಕಾಯಿ ಡಬ್ಬಿಯದ್ದು ಸಿಕ್ಕಿತು. ಕೊನೆಯ ಪ್ರಶ್ನೆ: ಅಂಗಳದಲ್ಲಿ ಬಿದ್ದಾಗ ಕ್ಲಚ್ ಲಿವರ್ ತುದಿ ಹೊರಕ್ಕೆ ಬಾಗಿದೆ. ಪೈಪ್ ಸಿಕ್ಕಿಸಿ ನೇರ ಮಾಡಬಹುದಾ?

ಜಲ್ಲಿರೋಡು:
ಬೇಡ. ಅಲ್ಯುಮಿನಿಯಂ, ಎರಡನೇ ಸಲ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಹೊಸದು ಹಾಕಿ, ಬಾಗಿದ್ದನ್ನು ಸ್ಪೇರ್ ಅಂತ ಟೂಲ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಲಿವರಿನ ಬ್ರ್ಯಾಕೆಟ್ ಬೋಲ್ಟನ್ನು ತುಂಬಾ ಬಿಗಿ ಮಾಡಬೇಡಿ. ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳುವಷ್ಟು ಮಾತ್ರ ಇರಲಿ.