ಪೈಲಟ್ ಸೋತರು, ಫೋನ್ ಗೆದ್ದಿತು

"ನಿಜವಾದ ಪೈಲಟ್ ಎದುರು ವಿಮಾನದ ಆಟದಲ್ಲಿ ಯಾರಾದ್ರೂ ಗೆಲ್ಲೋಕಾಗುತ್ತಾ?" ಅಂತ ನಾಣಿ ಸವಾಲು ಹಾಕಿದ.

"ಗೆದ್ದಿದ್ದಾರೆ," ಎಂದೆ. "1982, ಲಾಸ್ ವೇಗಸ್. ಸೋತವರು ಬಿಲ್ ಸ್ಟೀಲಿ, ಅಮೆರಿಕದ ವಾಯುಪಡೆಯಲ್ಲಿ ವಿಮಾನ ಹಾರಿಸಿದವರು. ಗೆದ್ದವರು ಸಿಡ್ ಮೇಯರ್, ಕಂಪ್ಯೂಟರ್ ಮುಂದೆ ಕೂರುವ ಪ್ರೋಗ್ರಾಮರ್. ಇಬ್ಬರೂ ಒಂದೇ ಕಂಪನಿ. ಸಮ್ಮೇಳನಕ್ಕೆ ಅಂತ ಹೋಗಿದ್ದರು..."

"ಸಮ್ಮೇಳನ ಬಿಟ್ಟು ಆಟ ಆಡ್ತಾ ನಿಂತರು, ಅಲ್ವಾ?" ಶೀನನಿಗೆ ಇಂಥದ್ದು ಬೇಗ ಹೊಳೆಯುತ್ತದೆ.

"ಹೌದಪ್ಪ. ಕಾಸು ಹಾಕಿ ಆಡುವ ಯಂತ್ರ, ಅಟಾರಿ ಕಂಪನಿಯ 'ರೆಡ್ ಬ್ಯಾರನ್'. ಮೊದಲ ಮಹಾಯುದ್ಧದ ವಿಮಾನಗಳ ಕಾದಾಟ. ಸ್ಟೀಲಿ ಆಮೇಲೆ ಹೇಳಿಕೊಂಡ ಲೆಕ್ಕದಲ್ಲಿ ಅವರಿಗೆ 75,000 ಅಂಕ, ಮೇಯರ್‌ಗೆ 1,50,000!"

"ಮೋಸ ಇರಬೇಕು," ಎಂದ ನಾಣಿ.

"ಮೋಸ ಏನಿಲ್ಲ. ಶತ್ರು ವಿಮಾನ ಯಾವ ಕಡೆಯಿಂದ ಬರುತ್ತೆ, ಹೇಗೆ ತಿರುಗುತ್ತೆ ಅಂತ ಮೇಯರ್ ನೋಡಿ ನೆನಪಿಟ್ಟುಕೊಂಡಿದ್ದರು. ಯಂತ್ರ ಪ್ರತಿ ಸಲ ಅದೇ ಪಾಠ ಒಪ್ಪಿಸುತ್ತೆ. ಪೈಲಟ್ ಶತ್ರುವಿನ ಜೊತೆ ಹೋರಾಡಿದರು, ಇವರು ಪ್ರೋಗ್ರಾಂ ಜೊತೆ."

"ಅಷ್ಟಕ್ಕೇ ಸುಮ್ನಾದರಾ?"

"ಎಲ್ಲಿ! 'ಇದಕ್ಕಿಂತ ಒಳ್ಳೆ ಆಟ ಒಂದು ವಾರದಲ್ಲಿ ಮಾಡ್ತೀನಿ' ಅಂದುಬಿಟ್ಟರು ಮೇಯರ್. 'ಮಾಡು, ನಾನು ಮಾರ್ತೀನಿ' ಅಂದರು ಸ್ಟೀಲಿ. ಆ ಮಾತಿನಿಂದಲೇ ಮೈಕ್ರೋಪ್ರೋಸ್ ಅನ್ನೋ ಅವರದೇ ಹೊಸ ಕಂಪನಿ ಹುಟ್ಟಿತು."

"ಒಂದು ವಾರದಲ್ಲಿ ಮುಗೀತಾ?"

"ಪ್ರೋಗ್ರಾಮರ್ ಹೇಳುವ ಒಂದು ವಾರ ಅಂದರೆ ಗೊತ್ತಲ್ಲ. ತಿಂಗಳುಗಳೇ ಹಿಡಿದವು."

ಶೀನ ತಲೆಯಾಡಿಸಿದ. ಅವನ ಮಗನೂ ಸಾಫ್ಟ್‌ವೇರ್.

"ಆ ಆಟದ ಹೆಸರು 'ಹೆಲ್‌ಕ್ಯಾಟ್ ಏಸ್'. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರಿದ ಅಮೆರಿಕದ ನೌಕಾಪಡೆ ವಿಮಾನ ಹೆಲ್‌ಕ್ಯಾಟ್. ಅಟಾರಿ ಮನೆ ಕಂಪ್ಯೂಟರ್‌ನಲ್ಲಿ ಆಡೋದು. ಅದರಲ್ಲಿ ಜಾಸ್ತಿ ಅಂದ್ರೆ 48 ಕೆಬಿ ಮೆಮೊರಿ. ಇವತ್ತಿನ ಒಂದು ಗುಡ್ ಮಾರ್ನಿಂಗ್ ಫೋಟೋಗೂ ಸಾಲಲ್ಲ. ಅಷ್ಟರಲ್ಲೇ ಆಕಾಶ, ನೆಲ, ನಡುವೆ ಒಂದು ಗೆರೆ. ಗೆರೆ ವಾಲಿದರೆ ವಿಮಾನ ವಾಲಿದೆ ಅಂತ ಅರ್ಥ."

"ಉಳಿದದ್ದು?"

"ಉಳಿದದ್ದನ್ನ ನೀನೇ ಊಹಿಸಿಕೋಬೇಕು. ಆದರೆ ಸ್ಟೀಲಿ ಊಹಿಸಿಕೊಳ್ಳೋ ಪೈಕಿ ಅಲ್ಲ. ಪೈಲಟ್ ನೋಡಿ! ಆಟ ನೋಡಿ ತಪ್ಪುಗಳ ಪಟ್ಟಿ ಕೊಟ್ಟರು. ಮೇಯರ್ ತುಟಿಪಿಟಕ್ಕೆನ್ನದೆ ತಿದ್ದಿಕೊಂಡು ಬಂದರು."

"ಆಟದಲ್ಲಿ ಸೋತ ಸೇಡು ಪಟ್ಟಿಯಲ್ಲಿ ತೀರಿತು," ಎಂದ ನಾಣಿ.

"ಮಜಾ ಇರೋದು ಮಾರಾಟದಲ್ಲಿ. ಆಟ ತುಂಬಿದ ಫ್ಲಾಪಿ ಡಿಸ್ಕನ್ನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮಾರೋದು. ಹೊಸ ಕಂಪನಿ, ಅಂಗಡಿಯವರು ಕೇಳಬೇಕಲ್ಲ? ಸ್ಟೀಲಿ ಗಿರಾಕಿಯ ಥರ ಅಂಗಡಿಗೆ ಫೋನ್ ಮಾಡೋರು. 'ಹೆಲ್‌ಕ್ಯಾಟ್ ಏಸ್ ಇದೆಯಾ? ಇಲ್ವಾ? ಎಂಥಾ ಅಂಗಡಿ ರೀ!' ಅಂತ ಇಟ್ಟುಬಿಡೋರು. ಸ್ವಲ್ಪ ದಿನ ಬಿಟ್ಟು ಇನ್ನೊಂದು ದನಿಯಲ್ಲಿ ಮತ್ತೆ. ಕೊನೆಗೆ ತಮ್ಮ ಸ್ವಂತ ದನಿಯಲ್ಲಿ, 'ನಮಸ್ಕಾರ, ನಾನು ಮೈಕ್ರೋಪ್ರೋಸ್‌ನವನು, ನಮ್ಮದೊಂದು ಆಟ ಇದೆ...' ಅಂಗಡಿಯವರು ಬನ್ನಿ ಬನ್ನಿ ಅನ್ನೋರು. ಯುದ್ಧವಿಮಾನ ಓಡಿಸಿದವರಿಗೆ ಸರಿಯಾದ ತಂತ್ರ ಅಂತ ನನಗನ್ನಿಸುತ್ತೆ. ಮುಂದೆ ಇವರದೇ ಇನ್ನೊಂದು ಆಟ 'ಎಫ್-15 ಸ್ಟ್ರೈಕ್ ಈಗಲ್' ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು."

ಶೀನ ಯೋಚಿಸಿದ. "ನಮ್ಮ ಬೀದಿಯಲ್ಲಿ ಈ ತಂತ್ರ ನಡೆಯಲ್ಲ ಕಣೋ."

"ಯಾಕೆ?"

"ನಮ್ಮ ಅಂಗಡಿಯವರು 'ಇಲ್ಲ' ಅಂತ ಎಲ್ಲಿ ಹೇಳ್ತಾರೆ? 'ಈಗ ತಾನೇ ಖಾಲಿ ಆಯ್ತು ಸಾರ್, ನಾಳೆ ಬರುತ್ತೆ' ಅಂತಾರೆ."