ಅಜ್ಜಿಯ 'ಸಿರಿಯಾಳನ ಪಟ': ಹಸಿರು ಬಣ್ಣ ಕಾಗದವನ್ನೇ ತಿನ್ನುತ್ತಿದೆ, ಏನು ಮಾಡಲಿ?

ಸರಸ್ವತಿಪುರಂನವ:
ನಮ್ಮ ಹಳೇ ಮನೆಯ ನಡುಮನೆಯಲ್ಲಿ ಒಂದು ಪಟ ಇತ್ತು. ಮುದುಕನೊಬ್ಬ ಕತ್ತಿ ಎತ್ತಿದ್ದಾನೆ, ಸೌದೆ ಮೇಲೆ ಮಗ ಮಂಡಿಯೂರಿದ್ದಾನೆ, ಮೇಲಿಂದ ರೆಕ್ಕೆಯವನೊಬ್ಬ ಬಂದು ಕೈ ಹಿಡಿದು ತಡೆಯುತ್ತಿದ್ದಾನೆ. ಅಜ್ಜಿ ಅದನ್ನು ಕೊನೆಯವರೆಗೂ ಸಿರಿಯಾಳನ ಪಟ ಅಂತಲೇ ಅಂದುಕೊಂಡು ಶಿವರಾತ್ರಿಗೆ ಹೂ ಮುಡಿಸುತ್ತಿದ್ದರು. ಬೈಬಲ್ಲಿನ ಅಬ್ರಹಾಮ, ಇಸಾಕ ಅಂತ ಗೊತ್ತಾಗಿದ್ದು ಮೊನ್ನೆ ಕಟ್ಟು ಬಿಚ್ಚಿಸಿದಾಗ. ಕೆಳಗೆ ಲ್ಯಾಟಿನ್‌ನಲ್ಲಿ ಎರಡು ಸಾಲು, ಪಕ್ಕದಲ್ಲಿ 'ಜೆನೆಸಿಸ್ 22', ಮೂಲೆಯಲ್ಲಿ 'ಎಂ. ಡೆ ವೋಸ್ ಇನ್ವೆ.' ಅಂತ ಇದೆ. ತಾತ ಯಾವುದೋ ಬಂಗಲೆಯ ಹರಾಜಿನಲ್ಲಿ ಕುರ್ಚಿ ಕೊಂಡಾಗ ಜೊತೆಗೆ ಬಿಟ್ಟಿ ಬಂದದ್ದಂತೆ.

ಈಗ ಮರದ ಎಲೆಗಳಿಗೆ ಹಸಿರು ಹಚ್ಚಿರುವ ಕಡೆ ಮಾತ್ರ ಕಾಗದ ಬಿರಿಯುತ್ತಿದೆ. ಹಿಂದೆ ತಿರುಗಿಸಿದರೆ ಅದೇ ಎಲೆಗಳು ಕಂದು ಬಣ್ಣದಲ್ಲಿ ಕಾಣುತ್ತವೆ, ದೋಸೆ ಸೀದ ಹಾಗೆ. ಕೆಂಪು, ನೀಲಿ ಚೆನ್ನಾಗಿವೆ. ಕಟ್ಟು ಹಾಕುವ ಅಂಗಡಿಯವರು "ಲ್ಯಾಮಿನೇಶನ್ ಮಾಡಿಸಿ ಸಾರ್, ನೂರು ವರ್ಷ ಬರುತ್ತೆ" ಅಂತಾರೆ. ಮಾಡಿಸಲಾ? ಬಣ್ಣ ಆಗಿನದ್ದೇನಾ, ಆಮೇಲೆ ಯಾರೋ ಬಳಿದದ್ದಾ?

ಕಾಗದಹುಳ (ಮಂಡ್ಯ):
ಲ್ಯಾಮಿನೇಶನ್ ಮಾತ್ರ ಬೇಡ ಮಾರಾಯ್ರೇ! ಒಮ್ಮೆ ಮಾಡಿಸಿದರೆ ಬಿಡಿಸೋಕೆ ಆಗಲ್ಲ.

ಆ ಹಸಿರು ತಾಮ್ರದ ಕಿಲುಬು. ತೊಳೆಯದೆ ಬಿಟ್ಟ ಚೊಂಬಿಗೆ ಹಿಡಿಯುತ್ತಲ್ಲ, ಅದರ ನೆಂಟ. ತಾಮ್ರಕ್ಕೆ ವಿನೆಗರ್ ಹಬೆ ಹಿಡಿಸಿ ತೆಗೆಯುತ್ತಿದ್ದರು. ಅದೇ ನಿಧಾನಕ್ಕೆ ಕಾಗದವನ್ನು ಸುಡುತ್ತಾ ಬರುತ್ತದೆ, ತೇವ ಇದ್ದರೆ ಇನ್ನೂ ಜಾಸ್ತಿ. ಹಿಂದೆ ಕಂದು ಎಲೆ ಕಂಡರೆ ಬಣ್ಣ ಹಳೇದು ಅನ್ನೋಕೆ ಒಳ್ಳೇ ಗುರುತು, ಆದರೆ ಈ ಹಸಿರನ್ನು 19ನೇ ಶತಮಾನದಲ್ಲೂ ಬಳಸುತ್ತಿದ್ದರು, ಅದೊಂದರಿಂದಲೇ ತೀರ್ಮಾನ ಬೇಡ.

'ಇನ್ವೆ.' ಅಂದರೆ ಚಿತ್ರ ಬರೆದವನು. ಮಾರ್ಟೆನ್ ಡೆ ವೋಸ್, ಈಗಿನ ಬೆಲ್ಜಿಯಂನ ಆಂಟ್ವರ್ಪಿನವ, 1532ರಿಂದ 1603. 'ಸ್ಕಲ್ಪ್.' ಅಂತ ಇದ್ದರೆ ಅಚ್ಚು ಹಾಕೋ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿದವನು, 'ಎಕ್ಸ್‌ಕ್.' ಅಂದರೆ ಪ್ರಕಾಶಕ. ಆ ಹೆಸರು ಹುಡುಕಿ. ಯಾಕೆಂದರೆ ತಾಮ್ರದ ತಗಡು ಕೈಯಿಂದ ಕೈಗೆ ಹೋಗುತ್ತಿತ್ತು. ಆಮ್‌ಸ್ಟರ್‌ಡ್ಯಾಮಿನ ಪ್ರಕಾಶಕ ವಿಸ್ಸರ್ ಆಂಟ್ವರ್ಪಿನ ಹಳೇ ತಗಡುಗಳನ್ನೇ ಕೊಂಡು 17ನೇ ಶತಮಾನದಲ್ಲಿ ಮತ್ತೆ ಅಚ್ಚು ಹಾಕಿದ. ಚಿತ್ರ ಬರೆದ ಕಾಲವೇ ಬೇರೆ, ನಿಮ್ಮ ಹಾಳೆ ಅಚ್ಚಾದ ಕಾಲವೇ ಬೇರೆ.

ಬಣ್ಣದ ಡಬ್ಬಿ:
ಅಚ್ಚಾದ ಹಾಳೆಗೆ ಕೈಯಿಂದ ಬಣ್ಣ ಹಚ್ಚೋದೇ ಅಲ್ಲಿ ಒಂದು ಕಸುಬಾಗಿತ್ತು. 1570ರಲ್ಲಿ ಮೊದಲ ಅಟ್ಲಾಸ್ ತಂದ ಓರ್ಟೆಲಿಯಸ್ 1547ರಲ್ಲಿ ಆಂಟ್ವರ್ಪಿನ ಕಲಾವಿದರ ಸಂಘಕ್ಕೆ ಸೇರಿದ್ದು ನಕ್ಷೆಗೆ ಬಣ್ಣ ಹಚ್ಚುವವನಾಗಿ!

ಇನ್ನೊಂದು ಪರೀಕ್ಷೆ. ನೀರಿನ ಕಲೆ ಇದೆಯಾ ನೋಡಿ. ಕಲೆಯ ಮೇಲೆ ಬಣ್ಣ ಕೂತಿದ್ದರೆ ಬಣ್ಣ ಆಮೇಲಿನದು. ನೀರು ಬಣ್ಣವನ್ನು ಕದಡಿದ್ದರೆ ಬಣ್ಣ ಮೊದಲಿಂದಲೂ ಇತ್ತು.

ಗಂಜಾಂ ಹುಡುಗಿ:
ವಿಷಯ ಸ್ವಲ್ಪ ಪಕ್ಕಕ್ಕೆ. ಆಂಟ್ವರ್ಪಿನ ಪ್ಲಾಂಟಿನ್ ಅಚ್ಚು ಹಾಕಿದ ಎಂಟು ಸಂಪುಟದ ಬೈಬಲ್ಲನ್ನು 1580ರಲ್ಲಿ ಜೆಸ್ವಿಟ್ ಪಾದ್ರಿಗಳು ಅಕ್ಬರನಿಗೆ ಕೊಟ್ಟಿದ್ದರು, ಅವನ ಚಿತ್ರಕಾರರು ಇಂಥ ಅಚ್ಚುಚಿತ್ರಗಳನ್ನು ನೋಡಿ ಬರೆದಿದ್ದಾರೆ. ನಿಮ್ಮ ಅಜ್ಜಿ ಹೂ ಮುಡಿಸಿದ್ದರಲ್ಲಿ ಅಂಥ ವಿಚಿತ್ರ ಏನಿಲ್ಲ ಬಿಡಿ. ಸಿರಿಯಾಳನೂ ಮಗನನ್ನೇ ಕೊಟ್ಟವನಲ್ವಾ? ಅಲ್ಲಿ ಕತ್ತಿ ತಡೆಯೋಕೆ ಯಾರೂ ಬರಲಿಲ್ಲ ಅಷ್ಟೇ.

ಸರಸ್ವತಿಪುರಂನವ:
ಎಲ್ಲರಿಗೂ ಥ್ಯಾಂಕ್ಸ್. ಕಿಟಕಿ ಬೆಳಕಿಗೆ ಹಿಡಿದೆ. ಕಾಗದದೊಳಗೆ ಹಳೇ ಕೈಕಾಗದದಲ್ಲಿ ಇರೋ ಹಾಗೆ ಒತ್ತೊತ್ತಾಗಿ ಗೆರೆಗಳಿವೆ, ಚಿತ್ರದ ಸುತ್ತ ತಗಡು ಒತ್ತಿದ ಅಚ್ಚೂ ಬೆರಳಿಗೆ ಸಿಗುತ್ತದೆ. 'ಎಕ್ಸ್‌ಕ್.' ಇರಬೇಕಾದ ಕಡೆ ಕಟ್ಟು ಹಾಕಿದವನು ಅಂಚು ಕತ್ತರಿಸಿದ್ದಾನೆ, ಹೊಟ್ಟೆ ಉರಿಯಿತು.

ಕಾಗದಹುಳ (ಮಂಡ್ಯ):
ಹೋಗಲಿ, ಉಳಿದಿದ್ದನ್ನು ಉಳಿಸಿಕೊಳ್ಳಿ. ಹಿಂದಿನ ರಟ್ಟು, ಪ್ಲೈವುಡ್ ತೆಗೆದು ಆಸಿಡ್-ಫ್ರೀ ಬೋರ್ಡ್ ಹಾಕಿಸಿ, ಗಾಜು ಚಿತ್ರಕ್ಕೆ ತಾಗದಿರಲಿ. ಬಿರಿದ ಕಡೆ ಟೇಪ್ ಹಚ್ಚಬೇಡಿ, ಕಾಗದ ರಿಪೇರಿ ಬಲ್ಲವರಿಗೇ ತೋರಿಸಿ. ನೀರಿನ ಕಲೆ ಏನಾಯ್ತು?

ಸರಸ್ವತಿಪುರಂನವ:
ಇದೆ, ಮೇಲಂಚಲ್ಲಿ. ಆಕಾಶದ ನೀಲಿ ಕದಡಿ ಕೆಳಕ್ಕೆ ಹರಿದಿದೆ. ಆದರೆ ಅದು ಅಜ್ಜಿಯ ಒದ್ದೆ ಹೂವಿನ ನೀರು. ಸದ್ಯಕ್ಕೆ ಬಣ್ಣ ಅಜ್ಜಿಯ ಹೂವಿಗಿಂತ ಹಳೇದು ಅಂತಷ್ಟೇ ಹೇಳಬಹುದು 😄