ಪದ ಬೇಕಾಗಿದೆ: ದಿನಾ ರೈಲಿನಲ್ಲಿ ಹೋಗಿ ಬರುವವರನ್ನು ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ವಾರದಿಂದ ಒದ್ದಾಡುತ್ತಿದ್ದೇನೆ. ಮುಂಬೈ ಲೋಕಲ್ ರೈಲುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ಹಳೇ ಗಾಡಿಗಳನ್ನು ತೆಗೆದು ಹೊಸ ಕರೆಂಟ್ ರೈಲುಗಳನ್ನು ಹೇಗೆ ತಂದರು ಅನ್ನೋದು ವಿಷಯ. ಬರೀ ಎಂಟು ಪುಟ. ಮೊದಲ ಸಾಲಿನಲ್ಲೇ 'ಕಮ್ಯೂಟರ್' ಅಂತ ಸಿಕ್ಕಿತು. ಆಮೇಲೆ ನೋಡೋಣ ಅಂತ ಅಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋದೆ. ಈಗ ಎಣಿಸಿದರೆ ಇಪ್ಪತ್ತಮೂರು ಚುಕ್ಕೆ!

ನಿಘಂಟಿನಲ್ಲಿ 'ನಿತ್ಯ ಪ್ರಯಾಣಿಕ' ಅಂತ ಇದೆ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ತಪ್ಪಂತೂ ಅಲ್ಲ. ಆದರೆ ಪ್ರಯಾಣ ಅಂದ ಕೂಡಲೇ ನನಗೆ ಬ್ಯಾಗು, ಬುತ್ತಿ, ಪಂಚಾಂಗ ಎಲ್ಲ ನೆನಪಾಗುತ್ತೆ. ನಮ್ಮ ಮನೆಯಲ್ಲಿ ಅಜ್ಜಿ ಇದ್ದಾಗ ರಾಹುಕಾಲ ನೋಡದೆ ಯಾರೂ ಹೊಸಿಲು ದಾಟುವಂತಿರಲಿಲ್ಲ. ಸೋಮವಾರ ರಾಹುಕಾಲ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ಸರಿಯಾಗಿ ಆ ಹೊತ್ತಲ್ಲೇ ತಾನೆ ಊರೆಲ್ಲ ಕೆಲಸಕ್ಕೆ ಓಡೋದು? ಅದಕ್ಕೆ ಯಾರಾದರೂ 'ಪ್ರಯಾಣ' ಅಂತಾರಾ?

ಹಾಸನದಲ್ಲಿ ಇದಕ್ಕೆ ಎಲ್ಲರೂ ಆಡುವ ಮಾತು 'ಅಪ್ ಅಂಡ್ ಡೌನ್'. "ಮನೆ ಮಾಡಿಲ್ಲ, ಅಪ್ ಅಂಡ್ ಡೌನ್ ಮಾಡ್ತಾರೆ" ಅಂದರೆ ಅರ್ಥವಾಗದವರು ಇಲ್ಲಿ ಯಾರೂ ಇಲ್ಲ. ಅರಸೀಕೆರೆಯಿಂದ ಬರುವ ಬ್ಯಾಂಕಿನವರು, ಸಕಲೇಶಪುರದ ಕಡೆಗೆ ಹೋಗುವ ಮೇಷ್ಟ್ರುಗಳು, ಹೊಳೆನರಸೀಪುರದ ಕಾಲೇಜು ಹುಡುಗರು ಎಲ್ಲರೂ ಅಪ್ ಅಂಡ್ ಡೌನೇ. ಮಾತು ರೈಲಿನದು. ಅಪ್ ಲೈನು, ಡೌನ್ ಲೈನು ಅಂತ ರೈಲ್ವೆಯವರು ದಿಕ್ಕಿಗೆ ಇಟ್ಟ ಹೆಸರು. ಈಗ ಬಸ್ಸಿನಲ್ಲಿ ಹೋದರೂ, ಸ್ವಂತ ಬೈಕಿನಲ್ಲಿ ಹೋದರೂ ಅದೇ ಮಾತು.

ಇದನ್ನು ಹಾಗೇ ಬಳಸೋಣ ಅಂದರೆ ಒಂದು ತೊಡಕಿದೆ. ಹಳ್ಳಿಯವರು ಹೇಳುವಾಗ ಅದರಲ್ಲಿ ಸಣ್ಣ ಆಕ್ಷೇಪ ಇರುತ್ತೆ. "ಅವ್ರು ಅಪ್ ಅಂಡ್ ಡೌನ್ ಮೇಷ್ಟ್ರು" ಅಂದರೆ ಊರಲ್ಲಿ ನಿಲ್ಲೋರಲ್ಲ, ನಾಲ್ಕು ಗಂಟೆ ಆಯ್ತು ಅಂದರೆ ಬಸ್ಸಿನ ದಾರಿ ನೋಡೋರು ಅಂತ. ಮುಂಬೈ ಲೋಕಲ್‌ನಲ್ಲಿ ಜೋತಾಡಿಕೊಂಡು ಹೋಗುವವರ ಮೇಲೆ ನಾನು ಸುಮ್ನೆ ಆ ಆಕ್ಷೇಪ ಹೊರಿಸಲಾರೆ.

ಇನ್ನೊಂದು ಮಾತು 'ಪಾಸಿನವರು'. ಇದು ನನಗೆ ಜಾಸ್ತಿ ಹಿಡಿಸಿದೆ, ಅದಕ್ಕೆ ಕಾರಣ ಇಂಗ್ಲಿಷಿನಲ್ಲೇ ಸಿಕ್ಕಿತು. 'ಕಮ್ಯೂಟರ್' ಅನ್ನುವ ಪದಕ್ಕೆ ಮೊದಲು ಹೋಗೋದು ಬರೋದು ಅನ್ನುವ ಅರ್ಥವೇ ಇರಲಿಲ್ಲ. 1840ರ ದಶಕದ ಅಮೆರಿಕದಲ್ಲಿ ರೈಲು ಕಂಪನಿಗಳು ದಿನಾ ಬರುವ ಗಿರಾಕಿಗಳಿಗೆ ದರ ಇಳಿಸಿ ಒಂದು ಟಿಕೆಟ್ ಕೊಡುತ್ತಿದ್ದವು. ಅದು 'ಕಮ್ಯುಟೇಷನ್ ಟಿಕೆಟ್'. ಅಂದರೆ ಇಳಿಸಿದ ದರದ ಚೀಟಿ. ಆ ಚೀಟಿ ಇಟ್ಟುಕೊಂಡವನು ಕಮ್ಯೂಟರ್. ಹಾಗಾದರೆ ಅವರದ್ದೂ ಪಾಸಿನವರು ಅನ್ನೋ ಮಾತೇ ಅಲ್ವಾ! ನಮ್ಮ ರೈಲ್ವೆಯ ತಿಂಗಳ ಸೀಸನ್ ಟಿಕೆಟ್ 150 ಕಿ.ಮೀ.ವರೆಗೆ ಸಿಗುತ್ತೆ. ಅದನ್ನು ಇಟ್ಟುಕೊಂಡವರನ್ನು ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಕರೆಯೋದು ಪಾಸಿನವರು ಅಂತಲೇ. ಆದರೆ ಲೇಖನದಲ್ಲಿ "ಪಾಸಿನವರಿಗೆ ಹೊಸ ರೈಲು" ಅಂತ ಬರೆದರೆ, ಟಿಕೆಟ್ ತಗೊಂಡವರು ಹತ್ತುವಂತಿಲ್ಲವೇನೋ ಅನ್ನಿಸುತ್ತೆ.

ಮೂರನೆಯದು ನಮ್ಮದೇ 'ಓಡಾಡು'. ಈ '-ಆಡು' ಸೇರಿದ ಕಡೆಯೆಲ್ಲ ಕೆಲಸ ಒಂದೇ ಸಲಕ್ಕೆ ಮುಗಿಯೋದಿಲ್ಲ, ನೋಡಿ. ತಿರುಗಾಡು, ಅಲೆದಾಡು, ಹೊರಳಾಡು, ತೂಗಾಡು. ಓಡಿದರೆ ಒಂದು ಸಲ, ಓಡಾಡಿದರೆ ಹೋಗೋದೂ ಇದೆ, ಬರೋದೂ ಇದೆ. ನಾವು ಮನೆಯಿಂದ ಹೊರಡುವಾಗಲೂ 'ಹೋಗ್ತೀನಿ' ಅನ್ನೋದಿಲ್ಲ, 'ಹೋಗಿ ಬರ್ತೀನಿ' ಅಂತೀವಲ್ಲ, ಹಾಗೆ. ಸಮಸ್ಯೆ ಏನಂದರೆ ಕ್ರಿಯಾಪದ ಚೆನ್ನಾಗಿದೆ, ನಾಮಪದ ಮಾಡಲು ಹೋದರೆ ಕೆಡುತ್ತೆ. 'ಓಡಾಟಗಾರ' ಅಂದರೆ ಯಾವುದೋ ಪಕ್ಷದ ಕಾರ್ಯಕರ್ತನ ಹಾಗೆ ಕೇಳಿಸುತ್ತೆ. 'ಓಡಾಟದವರು' ಅಂದರೆ ಮದುವೆ ಮನೆಯಲ್ಲಿ ಕೈ ಕೆಲಸಕ್ಕೆ ನಿಂತವರು.

ಇದರ ಬೆನ್ನಿಗೇ ಇನ್ನೊಂದು ಪದ ಕಾಡಿತು, 'ಸಬರ್ಬನ್'. ಬೆಂಗಳೂರಿನವರು ಇದನ್ನು 'ಉಪನಗರ ರೈಲು' ಮಾಡಿದ್ದಾರೆ. 148 ಕಿ.ಮೀ. ಉದ್ದದ ಆ ಯೋಜನೆಯ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. ಮೆಚ್ಚಬೇಕಾದ್ದೇ. ಅದೇ ಮೈಸೂರಿಗೆ ಬನ್ನಿ. ಅಲ್ಲಿಯ ಸಬರ್ಬನ್ ಬಸ್ ಸ್ಟ್ಯಾಂಡು ಕನ್ನಡದಲ್ಲಿ 'ಗ್ರಾಮಾಂತರ ಬಸ್ ನಿಲ್ದಾಣ'. ನಾವು ಹಾಸನಕ್ಕೆ ಬಸ್ ಹತ್ತೋದು ಅಲ್ಲೇ. ಬೆಂಗಳೂರಿಗೂ ಅಲ್ಲಿಂದಲೇ. ಒಂದೇ ಇಂಗ್ಲಿಷ್ ಪದ ಒಂದೂರಲ್ಲಿ ನಗರದ ಮರಿ, ಇನ್ನೊಂದೂರಲ್ಲಿ ಹಳ್ಳಿಗಾಡು. ಹಾಸನಕ್ಕಂತೂ ಉಪನಗರ ಅನ್ನೋದೇ ಪರಕೀಯ. ನಮಗೆ ಊರು ಮುಗಿದ ಮೇಲೆ ಬರೋದು 'ಎಕ್ಸ್‌ಟೆನ್ಷನ್', ಅದರಾಚೆ ತೋಟ. ಮುಂಬೈ ಲೇಖನಕ್ಕೆ ನಾನು ಸದ್ಯ 'ಲೋಕಲ್ ರೈಲು' ಅಂತಲೇ ಇಟ್ಟಿದ್ದೇನೆ. ಅಲ್ಲಿರುವ ಕನ್ನಡದವರೂ ಹಾಗೇ ಅನ್ನೋದು.

ಅರಸೀಕೆರೆಯಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ರೈಲ್ವೆಯಲ್ಲಿ ಬೋಗಿ ತಪಾಸಣೆ ಮಾಡುತ್ತಿದ್ದವರು. ಸುತ್ತಿಗೆಯಿಂದ ಚಕ್ರ ತಟ್ಟಿ, ಸದ್ದಿನ ಮೇಲೆ ಬಿರುಕು ಇದೆಯೋ ಇಲ್ಲವೋ ಹೇಳುತ್ತಿದ್ದರು. ಈಗಲೂ ಅವರ ಮನೆಗೆ ಹೋದರೆ ಸ್ಟೀಲ್ ಲೋಟವನ್ನು ಒಂದು ಸಲ ಉಗುರಲ್ಲಿ ತಟ್ಟಿಯೇ ಕಾಫಿ ಬಗ್ಗಿಸೋದು. ಭಾನುವಾರ ಅವರಿಗೆ ನನ್ನ ಅನುವಾದ ಓದಿ ಹೇಳಿದೆ. "ಹೊಸ ರೈಲುಗಳಿಗೆ ಗಾಳಿಯ ಸ್ಪ್ರಿಂಗ್ ಇರುವ ಬೋಗಿಗಳನ್ನು ಅಳವಡಿಸಲಾಗಿದೆ" ಅನ್ನುವ ಸಾಲು ಬಂತು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಬೋಗಿ ಅಂದ್ರೆ ಯಾವ್ದೋ?"

"ಜನ ಕೂರೋದು, ಚಿಕ್ಕಪ್ಪ."

"ಅದು ಕೋಚು. ಬೋಗಿ ಅಂದ್ರೆ ಕೆಳಗಿರೋದು ಕಣೋ. ಚಕ್ರ, ಆಕ್ಸಲ್ಲು, ಸ್ಪ್ರಿಂಗು ಎಲ್ಲ ಸೇರಿದ ಚೌಕಟ್ಟು. ಒಂದು ಕೋಚಿಗೆ ಎರಡು. ನೀನು ಓದಿದ್ದು ಕೇಳಿದ್ರೆ ಜನ ಸ್ಪ್ರಿಂಗ್ ಮೇಲೆ ಕೂತಂಗಿದೆ."

ಕನ್ನಡದಲ್ಲಿ ಬೋಗಿ ಅಂದರೆ ಜನ ಕೂರುವ ಡಬ್ಬಿ ಅಂತಲೇ ಆಗಿಹೋಗಿದೆ, ಅದನ್ನು ಬದಲಿಸೋಕೆ ಆಗಲ್ಲ, ಬೇಕಾಗೂ ಇಲ್ಲ. ಆದರೆ ವರ್ಕ್‌ಶಾಪಿನ ಬೋಗಿಗೆ ಬೇರೆ ಮಾತು ಬೇಕು. 'ಚಕ್ರದ ಚೌಕಟ್ಟು' ಅಂತ ಬರೆದೆ. ಚಿಕ್ಕಪ್ಪ ಒಪ್ಪಿದರು, ಅಂದರೆ ಏನೂ ಹೇಳಲಿಲ್ಲ.

'ಮಲ್ಟಿಪಲ್ ಯೂನಿಟ್' ಅನ್ನೋದಕ್ಕೆ ಯಾರೋ 'ಬಹುಘಟಕ ರೈಲು' ಅಂತ ಮಾಡಿದ್ದನ್ನು ನೋಡಿದೆ. ದಯವಿಟ್ಟು ಬೇಡ. ಇಂಥ ಗಾಡಿಯಲ್ಲಿ ಎಂಜಿನ್ ಅಂತ ಬೇರೆ ಇರೋದಿಲ್ಲ. ನಡುನಡುವೆ ಕೆಲವು ಬೋಗಿಗಳ ಅಡಿಯಲ್ಲೇ ಮೋಟಾರ್ ಇರುತ್ತೆ. ಎರಡು ತುದಿಯಲ್ಲೂ ಡ್ರೈವರ್ ಕೂರುವ ಜಾಗ ಇರೋದರಿಂದ ಕೊನೇ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಆ ಕಡೆಗೆ ಕಟ್ಟುವ ರಗಳೆ ಇಲ್ಲ. ನಮ್ಮ ಘಾಟಿ ನೆನಪಿಸಿಕೊಳ್ಳಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರಕ್ಕೆ 55 ಕಿ.ಮೀ., 50 ಅಡಿಗೆ ಒಂದಡಿ ಏರು. ಮುಂದಿನ ಎಂಜಿನ್ ಒಂದೇ ಎಳೆಯಲಾರದು ಅಂತ ಹಿಂದಿನಿಂದ ತಳ್ಳೋಕೂ ಎಂಜಿನ್ ಕಟ್ಟುತ್ತಾರೆ. ಆ ಎಳೆಯೋದು ತಳ್ಳೋದು ಎಲ್ಲ ರೈಲಿನ ಉದ್ದಕ್ಕೂ ಹಂಚಿಹೋದರೆ ಅದೇ ಈ ಹೊಸ ಗಾಡಿ. ಚಿಕ್ಕವರಿದ್ದಾಗ ನಾವು ಸಾವಿರ ಕಾಲಿನ ಹುಳಕ್ಕೆ 'ರೈಲು ಹುಳ' ಅಂತಿದ್ವಿ. ಆಗಿನ ರೈಲಿಗಿಂತ ಈಗಿನದಕ್ಕೇ ಆ ಹೆಸರು ಹೆಚ್ಚು ಒಪ್ಪುತ್ತೆ, ಉದ್ದಕ್ಕೂ ಅಲ್ಲಲ್ಲಿ ಕಾಲು ಕೆಲಸ ಮಾಡುತ್ತವಲ್ಲ. ಪದ ಮಾತ್ರ 'ಮೆಮು' (ಮೇನ್‌ಲೈನ್ ಎಲೆಕ್ಟ್ರಿಕ್ ಮಲ್ಟಿಪಲ್ ಯೂನಿಟ್) ಅಂತ ಬಂದು ಕೂತಿದೆ. ಕನ್ನಡದ ಬಾಯಿಗೆ ಸಲೀಸು, ಹಾಗೇ ಇರಲಿ. ಮುಂಬೈಯದ್ದು ಮಾತ್ರ ಮೆಮು ಅಲ್ಲ, ಇಎಂಯು, ಅಂದರೆ ಬರೀ ಎಲೆಕ್ಟ್ರಿಕ್ ಮಲ್ಟಿಪಲ್ ಯೂನಿಟ್.

ನಗು ಬಂದ ಒಂದು ಸಾಲನ್ನು ಹೇಳಲೇಬೇಕು. ಮುಂಬೈಯಲ್ಲಿ 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ಕರೆಂಟ್ ರೈಲು ಓಡಿತು. ಆಗಿನದು 1,500 ವೋಲ್ಟಿನ ಡಿಸಿ ಕರೆಂಟು. ಅದನ್ನು 25,000 ವೋಲ್ಟಿನ ಎಸಿಗೆ ಬದಲಿಸುವ ಕೆಲಸ ವರ್ಷಗಟ್ಟಲೆ ನಡೆದು 2016ರ ಹೊತ್ತಿಗೆ ಮುಗಿಯಿತು. ನಾನು ಬರೆದಿದ್ದು: "ಡಿಸಿ ಹೋಗಿ ಎಸಿ ಬಂದ ಮೇಲೆ ಹಳೆಯ ಗಾಡಿಗಳಿಗೆ ಕೆಲಸವಿಲ್ಲದಾಯಿತು." ಹೆಂಡತಿ ಓದಿ, "ಯಾವ ಡಿಸಿಗೆ ವರ್ಗ ಆಯ್ತು?" ಅಂದಳು. ತಾಲ್ಲೂಕು ಕಚೇರಿಗೆ ಅಲೆದವರಿಗೆ ಬೇರೆ ಅರ್ಥ ಹೊಳೆಯೋದಾದರೂ ಹೇಗೆ? ಸಾಲದ್ದಕ್ಕೆ ಮುಂದಿನ ಪುಟದಲ್ಲಿ 'ಎಸಿ ಲೋಕಲ್' ಬರುತ್ತೆ, 2017ರ ಡಿಸೆಂಬರ್ 25ರಿಂದ ಓಡುತ್ತಿರುವ ತಂಪು ಗಾಡಿ. ಎಸಿಯಲ್ಲಿ ಓಡುವ ಎಸಿ! ಡಿಸಿ ಕರೆಂಟಿಗೆ 'ನೇರ ವಿದ್ಯುತ್', ಎಸಿ ಕರೆಂಟಿಗೆ 'ಪರ್ಯಾಯ ವಿದ್ಯುತ್' ಅನ್ನುವ ಶಾಲೆ ಪುಸ್ತಕದ ಮಾತುಗಳು ಇಲ್ಲಿ ಕೈ ಹಿಡಿದವು. ಪುಸ್ತಕದ ಪದಗಳನ್ನು ನಾನು ಹೊಗಳೋದು ಅಪರೂಪ.

'ಫ್ಲೀಟ್'ಗೆ ಪದ ಹುಡುಕೋದು ಬಿಟ್ಟೆ. ದಂಡು, ಪಡೆ ಅಂದರೆ ಯುದ್ಧಕ್ಕೆ ಹೊರಟ ಹಾಗಿರುತ್ತೆ. ಲಾರಿ ಮಾಲೀಕರು "ಅವರದ್ದು ಹತ್ತು ಗಾಡಿ ಇದೆ" ಅಂತಾರೆ, ಮುಗೀತು. 'ಹಳೇ ಗಾಡಿಗಳು' ಅಂದರೆ ಸಾಕು. ಮುದಿಯಾದ ಗಾಡಿಗೆ ಆಡುಮಾತಿನಲ್ಲಿ 'ಡಕೋಟ' ಇದೆ, ಲೆಕ್ಕದಿಂದ ತೆಗೆದುಹಾಕಿದ್ದಕ್ಕೆ 'ಕಂಡಮ್' ಇದೆ. ಎರಡನ್ನೂ ಒಂದೊಂದು ಕಡೆ ನುಸುಳಿಸಿದ್ದೇನೆ. ಆದರೆ 'ಹೊಸ ರೈಲು ಬಿಟ್ಟರು' ಅನ್ನೋದನ್ನು ಹೊಡೆದು 'ಹೊಸ ರೈಲು ಓಡಿಸಿದರು' ಮಾಡಿದೆ. ಬಸ್ ಬಿಡಬಹುದು. ರೈಲು ಬಿಡೋದು ಅಂದರೆ ನಮ್ಮಲ್ಲಿ ಸುಳ್ಳು ಹೇಳೋದು, ಅದೂ ಮಂತ್ರಿಗಳ ಹೆಸರಿನ ಪಕ್ಕ ಬಂದರೆ ಕಷ್ಟ.

ಈಗ ಆ ಇಪ್ಪತ್ತಮೂರು ಚುಕ್ಕೆಗೆ ಬರೋಣ. ತುಮಕೂರು, ರಾಮನಗರ, ಮಂಡ್ಯದಿಂದ ಬೆಂಗಳೂರಿಗೆ ದಿನಾ ರೈಲು ಹತ್ತುವವರು ಇಲ್ಲಿದ್ದೀರಿ. ನಿಮ್ಮನ್ನು ನೀವು ಏನಂತ ಕರೆದುಕೊಳ್ಳುತ್ತೀರಿ? ಹುಬ್ಬಳ್ಳಿ, ಧಾರವಾಡದ ಕಡೆ ಏನಂತಾರೆ? ಚಿಕ್ಕಮಗಳೂರಿನವರೂ ಹೇಳಿ. ಕಡೂರಿನಿಂದ ನಿಮ್ಮೂರಿಗೆ 2013ರಲ್ಲಿ ರೈಲು ಬಂದ ಮೇಲೆ ಅಲ್ಲೇನಾದರೂ ಹೊಸ ಮಾತು ಹುಟ್ಟಿದೆಯಾ, ಅಥವಾ ಬಸ್ಸಿನ ಮಾತೇ ರೈಲು ಹತ್ತಿತಾ?

ಸದ್ಯಕ್ಕೆ ಮೊದಲ ಸಾಲು ಹೀಗಿದೆ: "ಮುಂಬೈಯಲ್ಲಿ ದಿನಾ ಓಡಾಡುವ ಜನಕ್ಕೆ ರೈಲು ಅಂದರೆ ಲೋಕಲ್." 'ದಿನಾ ಓಡಾಡುವ ಜನ' ಎರಡು ಮೂರು ಕಡೆ ಬಂದರೆ ಪರವಾಗಿಲ್ಲ. ಇಪ್ಪತ್ತಮೂರು ಸಲ ಓದುಗರು ತಡೆದುಕೊಳ್ಳುತ್ತಾರಾ? ಗುರುವಾರದೊಳಗೆ ಲೇಖನ ಕಳಿಸಬೇಕು.